ಲೋಕಸಭೆ ದೇಶದ ಕನ್ನಡಿಯೇ? ಫಾರ್ವರ್ಡ್ ಮಾಡುವ ಮುನ್ನ ಈ ಲೆಕ್ಕ ನೋಡಿ

"ಲೋಕಸಭೆ ತುಂಬ ಮೀಸಲಾತಿಯವರೇ ಇದ್ದಾರೆ." "ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಆಗಲೇ ಸಿಕ್ಕಾಯಿತು." "ಜನ ಯಾರನ್ನು ಬಯಸುತ್ತಾರೋ ಅವರೇ ಗೆಲ್ಲುತ್ತಾರೆ, ಇದರಲ್ಲಿ ಅನ್ಯಾಯ ಏನು ಬಂತು?"

ಚುನಾವಣೆ ಹತ್ತಿರವಾದಾಗ ಇಂಥ ಮಾತುಗಳು ಫ್ಯಾಮಿಲಿ ಗ್ರೂಪಿನಿಂದ ಅಪಾರ್ಟ್‌ಮೆಂಟ್ ಗ್ರೂಪಿಗೆ ಓಡಾಡುತ್ತಲೇ ಇರುತ್ತವೆ. ಇವುಗಳಲ್ಲಿ ನಿಜವೆಷ್ಟು? ನಾವು 2024ರ ಲೋಕಸಭೆ ಚುನಾವಣೆಯ ಫಲಿತಾಂಶವನ್ನು 2011ರ ಜನಗಣತಿಯ ಜೊತೆ ಇಟ್ಟು ನೋಡಿದೆವು.

ಲೆಕ್ಕ ಏನು ಹೇಳುತ್ತದೆ?

ಲೋಕಸಭೆಯ ಒಟ್ಟು ಕ್ಷೇತ್ರಗಳು 543.

* ಪರಿಶಿಷ್ಟ ಜಾತಿ: ಜನಸಂಖ್ಯೆಯಲ್ಲಿ ಶೇ. 16.6. ಮೀಸಲು ಕ್ಷೇತ್ರ 84, ಅಂದರೆ ಶೇ. 15.5.
* ಪರಿಶಿಷ್ಟ ಪಂಗಡ: ಜನಸಂಖ್ಯೆಯಲ್ಲಿ ಶೇ. 8.6. ಮೀಸಲು ಕ್ಷೇತ್ರ 47, ಅಂದರೆ ಶೇ. 8.7.
* ಮಹಿಳೆಯರು: ಜನಸಂಖ್ಯೆಯಲ್ಲಿ ಶೇ. 48ಕ್ಕೂ ಹೆಚ್ಚು. ಗೆದ್ದವರು 74, ಅಂದರೆ ಶೇ. 13.6. 2019ರಲ್ಲಿ 78 ಮಂದಿ ಗೆದ್ದಿದ್ದರು.
* ಮುಸ್ಲಿಮರು: ಜನಸಂಖ್ಯೆಯಲ್ಲಿ ಶೇ. 14.2. ಗೆದ್ದವರು 24, ಅಂದರೆ ಶೇ. 4.4.
* ವಯಸ್ಸು: ದೇಶದ ಅರ್ಧದಷ್ಟು ಜನ 30 ವರ್ಷದೊಳಗಿನವರು. ಗೆದ್ದ ಸಂಸದರ ಸರಾಸರಿ ವಯಸ್ಸು 56. ಸ್ಪರ್ಧಿಸಲು ಕನಿಷ್ಠ 25 ವರ್ಷ ಆಗಿರಲೇಬೇಕು.
* ಆಸ್ತಿ: ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ (ಎಡಿಆರ್) ಸಂಸ್ಥೆ ಅಫಿಡವಿಟ್‌ಗಳನ್ನು ನೋಡಿ ಕೊಟ್ಟ ಲೆಕ್ಕದ ಪ್ರಕಾರ 504 ಸಂಸದರು ಕೋಟ್ಯಧೀಶರು.

ಕರ್ನಾಟಕದ 28 ಕ್ಷೇತ್ರಗಳಲ್ಲಿ ಗೆದ್ದ ಮಹಿಳೆಯರು ಮೂವರು: ಶೋಭಾ ಕರಂದ್ಲಾಜೆ, ಪ್ರಭಾ ಮಲ್ಲಿಕಾರ್ಜುನ್ ಮತ್ತು ಪ್ರಿಯಾಂಕಾ ಜಾರಕಿಹೊಳಿ. ರಾಜ್ಯದಿಂದ ಮುಸ್ಲಿಂ ಸಂಸದರು ಯಾರೂ ಆಯ್ಕೆಯಾಗಲಿಲ್ಲ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕಾನೂನು ಜಾಗ ಕಾಯ್ದಿಟ್ಟ ಎರಡು ಕಡೆ ಮಾತ್ರ ಲೆಕ್ಕ ಹೆಚ್ಚುಕಡಿಮೆ ತಾಳೆಯಾಗುತ್ತದೆ. ಉಳಿದ ಕಡೆ ಎಲ್ಲೂ ಇಲ್ಲ.

ಹಿಂದುಳಿದ ವರ್ಗಗಳ ಲೆಕ್ಕ ಎಲ್ಲಿ ಎಂದು ನೀವು ಕೇಳಬಹುದು. ದೇಶದ ಎಲ್ಲ ಜಾತಿಗಳ ಎಣಿಕೆ ಜನಗಣತಿಯಲ್ಲಿ ಪ್ರಕಟವಾಗಿದ್ದು 1931ರಲ್ಲಿ. ಆದ್ದರಿಂದ 2011ರ ಜನಗಣತಿಯ ಹೆಸರಲ್ಲಿ ಯಾವುದೋ ಜಾತಿಯ ಶೇಕಡಾವಾರು ಹೇಳುವ ಫಾರ್ವರ್ಡ್ ಬಂದರೆ, ಅದು ಪರಿಶಿಷ್ಟ ಜಾತಿ ಅಥವಾ ಪಂಗಡದ್ದಲ್ಲದಿದ್ದರೆ, ನಂಬಬೇಡಿ.

ಲೋಕಸಭೆ ತುಂಬ ಮೀಸಲಾತಿಯವರೇ?

ಅಲ್ಲ. ಮೀಸಲು ಕ್ಷೇತ್ರಗಳು ಒಟ್ಟು 131. ಉಳಿದ 412ರಲ್ಲಿ ಯಾರು ಬೇಕಾದರೂ ನಿಲ್ಲಬಹುದು. ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮೀಸಲು ಕ್ಷೇತ್ರ ಎಂದರೆ ಆ ಸಮುದಾಯದವರು ಮಾತ್ರ ಮತ ಹಾಕುವ ಕ್ಷೇತ್ರವಲ್ಲ. ಕೋಲಾರ ಪರಿಶಿಷ್ಟ ಜಾತಿಗೆ, ರಾಯಚೂರು ಪರಿಶಿಷ್ಟ ಪಂಗಡಕ್ಕೆ ಮೀಸಲು. ಎರಡೂ ಕಡೆ ಎಲ್ಲ ಜಾತಿ, ಎಲ್ಲ ಧರ್ಮದ ಮತದಾರರು ಸೇರಿಯೇ ಸಂಸದರನ್ನು ಆರಿಸುತ್ತಾರೆ. ನಿರ್ಬಂಧ ಇರುವುದು ಅಭ್ಯರ್ಥಿಗೆ ಮಾತ್ರ.

ಜನ ಬಯಸಿದವರೇ ಗೆಲ್ಲುವುದಲ್ಲವೇ?

ಅರ್ಧ ಸತ್ಯ. ಮತಯಂತ್ರದಲ್ಲಿ ಹೆಸರಿದ್ದರೆ ತಾನೇ ನಾವು ಆರಿಸುವುದು? 2024ರ ಅಭ್ಯರ್ಥಿಗಳಲ್ಲಿ ಮಹಿಳೆಯರು ಸುಮಾರು ಶೇ. 10. ಗೆದ್ದವರಲ್ಲಿ ಶೇ. 13.6. ಪಕ್ಷೇತರರಾಗಿ ನಿಂತು ಸೋಲುವವರಲ್ಲಿ ಗಂಡಸರೇ ಹೆಚ್ಚಿರುವುದರಿಂದ, ಮಹಿಳೆಯರು ಹೆಚ್ಚು ಗೆಲ್ಲುತ್ತಾರೆ ಎಂದು ಇದರಿಂದಲೇ ತೀರ್ಮಾನಿಸುವಂತಿಲ್ಲ. ಆದರೆ ಜನ ಮಹಿಳೆಯರಿಗೆ ಮತ ಹಾಕುವುದಿಲ್ಲ ಎಂಬ ವಾದಕ್ಕೆ ಈ ಅಂಕಿ ಆಧಾರ ಕೊಡುವುದಿಲ್ಲ. ಮತಗಟ್ಟೆಗೆ ಮೊದಲೇ, ಪಕ್ಷಗಳು ಟಿಕೆಟ್ ಹಂಚುವಾಗಲೇ ಬಾಗಿಲು ಕಿರಿದಾಗಿರುತ್ತದೆ.

ಎರಡನೇ ಕಾರಣ ನಮ್ಮ ಚುನಾವಣಾ ಪದ್ಧತಿ. ಒಂದು ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದ ಒಬ್ಬರೇ ಗೆಲ್ಲುತ್ತಾರೆ. ಒಂದು ಸಮುದಾಯ ಎಲ್ಲ ಕ್ಷೇತ್ರಗಳಲ್ಲೂ ಶೇ. 14ರಷ್ಟಿದೆ ಎಂದುಕೊಳ್ಳಿ. ಅವರ ಮತ ಎಲ್ಲ ಕಡೆ ಇರುತ್ತದೆ, ಆದರೆ ತಮ್ಮ ಮತಗಳಿಂದಷ್ಟೇ ಎಲ್ಲೂ ಗೆಲ್ಲಲಾಗದು. ಕೇರಳದ ಮಲಪ್ಪುರಂ, ಅಸ್ಸಾಮಿನ ಧುಬ್ರಿಯಂತೆ ಒಂದೇ ಕಡೆ ದಟ್ಟವಾಗಿದ್ದರೆ ಕಥೆಯೇ ಬೇರೆ. ಪಕ್ಷ ಪಡೆದ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುವ ದೇಶಗಳಲ್ಲಿ ಈ ತೊಡಕು ಕಡಿಮೆ.

ಮಹಿಳಾ ಮೀಸಲಾತಿ ಬಂದಾಯಿತಲ್ಲ?

ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಕೊಡುವ 106ನೇ ಸಂವಿಧಾನ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ಹೊಸ ಜನಗಣತಿ, ಅದರ ಆಧಾರದ ಮೇಲೆ ಕ್ಷೇತ್ರ ಮರುವಿಂಗಡಣೆ ಆದ ಮೇಲೆಯೇ ಮೀಸಲಾತಿ ಎಂಬ ಷರತ್ತು ಅದರಲ್ಲೇ ಇತ್ತು. 2024ರ ಚುನಾವಣೆಗೆ ಅದು ಅನ್ವಯಿಸಲಿಲ್ಲ.

ಯಾರು ಕುಳಿತರೇನು, ಕೆಲಸ ಆದರೆ ಸಾಲದೇ?

ಈ ಪ್ರಶ್ನೆಗೆ ನಮ್ಮ ಪಂಚಾಯಿತಿಗಳಲ್ಲಿ ಉತ್ತರವಿದೆ. 73ನೇ ತಿದ್ದುಪಡಿಯ ನಂತರ ಅಧ್ಯಕ್ಷ ಸ್ಥಾನಗಳಲ್ಲಿ ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಾಯಿತು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಮುಂದೆ ನೊಬೆಲ್ ಪಡೆದ ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳನ್ನು ಹೋಲಿಸಿ 2004ರಲ್ಲಿ ಅಧ್ಯಯನ ಪ್ರಕಟಿಸಿದರು. ಮಹಿಳೆಯರಿಗೆ ಮೀಸಲಾದ ಕಡೆ ಕುಡಿಯುವ ನೀರಿನ ಕೆಲಸ ಹೆಚ್ಚು ಆಗಿತ್ತು. ಎರಡೂ ರಾಜ್ಯಗಳಲ್ಲಿ ಹೆಂಗಸರು ಹೆಚ್ಚಾಗಿ ದೂರುತ್ತಿದ್ದುದೂ ನೀರಿನ ಬಗ್ಗೆಯೇ. ಕೊಡ ಹೊರುವವರು ಕುರ್ಚಿಯಲ್ಲಿ ಕುಳಿತಾಗ ನಲ್ಲಿಯ ಮಾತು ಮೊದಲು ಬರುತ್ತದೆ.

ಹಾಗೆಂದು ಮಹಿಳಾ ಸಂಸದರೆಲ್ಲ ಮಹಿಳೆಯರ ಪರ, ಯುವ ಸಂಸದರೆಲ್ಲ ಯುವಜನರ ಪರ ನಿಲ್ಲುತ್ತಾರೆ ಎಂದೇನಿಲ್ಲ. ಪಕ್ಷ ವಿಪ್ ಹೊರಡಿಸಿದರೆ, ಪಕ್ಷಾಂತರ ನಿಷೇಧ ಕಾನೂನಿನಡಿ ಸದಸ್ಯತ್ವ ಹೋಗುವ ಭಯ ಎಲ್ಲರಿಗೂ ಇರುತ್ತದೆ. ಕುರ್ಚಿ ಸಿಕ್ಕ ಮಾತ್ರಕ್ಕೆ ದನಿ ಸಿಗುವುದಿಲ್ಲ. ಆದರೆ ಕುರ್ಚಿಯೇ ಇಲ್ಲದವರ ಕಷ್ಟ ಚರ್ಚೆಯ ಪಟ್ಟಿಗೆ ಸೇರುವುದೇ ಅನುಮಾನ.

ಹಾಗಾದರೆ ನಾವೇನು ಮಾಡಬಹುದು?

ಮುಂದಿನ ಸಲ ಇಂಥ ಸಂದೇಶ ಬಂದಾಗ ಮೂರು ವಿಷಯ ನೋಡಿ. ಅದು ಯಾವ ವರ್ಷದ ಅಂಕಿ? ಲೋಕಸಭೆಯದೋ, ರಾಜ್ಯಸಭೆಯದೋ? ಜನಸಂಖ್ಯೆಯ ಲೆಕ್ಕ ಯಾವ ಜನಗಣತಿಯದು? ಮೂರಕ್ಕೂ ಉತ್ತರ ಇಲ್ಲದಿದ್ದರೆ ಫಾರ್ವರ್ಡ್ ಮಾಡಬೇಡಿ. ಚುನಾವಣೆ ಬಂದಾಗ, ಯಾರು ಗೆಲ್ಲುತ್ತಾರೆ ಎನ್ನುವುದಕ್ಕಿಂತ ಮೊದಲು ಯಾರಿಗೆ ಟಿಕೆಟ್ ಸಿಕ್ಕಿದೆ ಎಂದು ಕೇಳಿ. ಕನ್ನಡಿಯಲ್ಲಿ ಯಾರ ಮುಖ ಕಾಣಬೇಕು ಎಂಬುದು ಹೆಚ್ಚಾಗಿ ಅಲ್ಲೇ ನಿರ್ಧಾರವಾಗಿರುತ್ತದೆ.