ನೋಡಿ ಎನ್ನುವವರ ಹೊಣೆ

ಜಪಾನಿನ ಟಿ.ವಿ. ವಾಹಿನಿಗಳಲ್ಲಿ ಅನಿಮೆಗೆ ವರ್ಷಕ್ಕೆ ನಾಲ್ಕು ಸೀಸನ್. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಬಂತೆಂದರೆ ಹತ್ತಾರು ಹೊಸ ಸರಣಿಗಳು ಒಟ್ಟಿಗೇ ಶುರುವಾಗುತ್ತವೆ. ಹೆಚ್ಚಿನವು ವಾರಕ್ಕೊಂದು ಕಂತಿನಂತೆ ಹನ್ನೆರಡು ಹದಿಮೂರು ವಾರ ನಡೆದು ಮುಗಿಯುತ್ತವೆ. ಟೋಕಿಯೊದಲ್ಲಿ ರಾತ್ರಿ ಪ್ರಸಾರವಾದ ಎಷ್ಟೋ ಕಂತುಗಳು ಅದೇ ದಿನ ಸಬ್‌ಟೈಟಲ್ ಸಮೇತ ನಮ್ಮ ಫೋನುಗಳಿಗೂ ಬರುವ ಕಾಲ ಇದು. ಹಾಗಾಗಿ ಸೀಸನ್ನಿನ ಮೊದಲ ವಾರ ಎಲ್ಲರದೂ ಒಂದೇ ಪ್ರಶ್ನೆ: ಈ ಸಲ ಯಾವುದನ್ನು ನೋಡಬೇಕು? ಉತ್ತರ ಕೊಡುವವರಿಗೂ ಕೊರತೆಯಿಲ್ಲ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಒಂದೆರಡು ಕಂತು ಮಾತ್ರ ಹೊರಬಂದಿರುವ ಸರಣಿಯನ್ನು ‘ನೋಡಿ’ ಎಂದು ಇನ್ನೊಬ್ಬರಿಗೆ ಹೇಳುವುದು ಸರಿಯೇ? ಹೇಳಬಹುದು, ಹೇಳಲೇಬೇಕು ಎಂಬುದು ನನ್ನ ನಿಲುವು. ಆದರೆ ಆ ಮಾತಿಗೆ ಆಧಾರ ಬೇಕು, ಹೇಳಿದ ಮೇಲೆ ಹೊಣೆಯೂ ಬೇಕು.

ಮೊದಲ ಕಂತೊಂದನ್ನೇ ನಂಬಿದರೆ ಮೋಸಹೋಗುವ ಸಂಭವ ಹೆಚ್ಚು. ಸ್ಟುಡಿಯೊದವರಿಗೆ ಧಾರಾಳವಾಗಿ ಸಮಯ ಸಿಗುವುದು ಮೊದಲ ಕಂತಿಗೇ. ಆಮೇಲಿನವುಗಳ ಚಿತ್ರ ಬರೆಯುವ ಕೆಲಸ ಎಷ್ಟೋ ಸಲ ಪ್ರಸಾರ ಶುರುವಾದ ಮೇಲೂ ಮುಗಿದಿರುವುದಿಲ್ಲ. 2021ರ ಜನವರಿಯಲ್ಲಿ ಬಂದ ‘ವಂಡರ್ ಎಗ್ ಪ್ರಯಾರಿಟಿ’ಯ ಆರಂಭ ಸಿನಿಮಾಕ್ಕೆ ಸಮನಾಗಿತ್ತು. ಎಂಟನೇ ವಾರಕ್ಕೆ ಬರುವಷ್ಟರಲ್ಲಿ ಹೊಸ ಕತೆಯ ಬದಲು ಹಳೆಯ ದೃಶ್ಯಗಳನ್ನೇ ಜೋಡಿಸಿದ ಕಂತು ಪ್ರಸಾರವಾಯಿತು; ಕತೆಯ ಮುಕ್ತಾಯಕ್ಕೆ ಜೂನ್‌ವರೆಗೆ ಕಾಯಬೇಕಾಯಿತು. 2024ರಲ್ಲಿ ಬಂದ ‘ಉಜುಮಾಕಿ’ ಇದ್ದದ್ದೇ ನಾಲ್ಕು ಕಂತು. ಜುಂಜಿ ಇಟೊ ಅವರ ಮಾಂಗಾದ ಕಪ್ಪುಬಿಳುಪು ಗೆರೆಗಳಿಗೆ ಮೊದಲ ಕಂತಿನಲ್ಲಿ ಜೀವ ಬಂದಂತಿತ್ತು. ಎರಡನೆಯದರಲ್ಲೇ ಚಲನೆ ಸೊರಗಿತು.

ಇದರ ತಿರುಗುಮುರುಗೂ ಉಂಟು. 2021ರ ಏಪ್ರಿಲ್‌ನ ‘ಆಡ್ ಟ್ಯಾಕ್ಸಿ’ಯಲ್ಲಿ ಎಲ್ಲರೂ ಪ್ರಾಣಿಗಳ ರೂಪದಲ್ಲಿದ್ದಾರೆ. ಟ್ಯಾಕ್ಸಿ ಓಡಿಸುವ ಓಡೊಕಾವಾ ಒಂದು ವಾಲ್ರಸ್. ಶುರುವಿನಲ್ಲಿ ಕಾಣುವುದು ಹೆಚ್ಚಾಗಿ ಹಿಂದಿನ ಸೀಟಿನಲ್ಲಿ ಕೂತವರ ಹರಟೆ. ಕಾಣೆಯಾದ ಹುಡುಗಿಯೊಬ್ಬಳ ಸುದ್ದಿ ಪಕ್ಕದಲ್ಲೆಲ್ಲೋ ಹಾದುಹೋಗುತ್ತದೆ. ಆ ಹರಟೆಯಲ್ಲಿ ಒಂದು ಮಾತೂ ವ್ಯರ್ಥವಾಗಿರಲಿಲ್ಲ ಎಂದು ಗೊತ್ತಾಗುವುದು ಹದಿಮೂರೂ ಕಂತು ಮುಗಿದ ಮೇಲೆ. ಮೂರು ಕಂತು ನೋಡಿ ತೀರ್ಮಾನಿಸಿ ಎಂಬ ಮಾತು ಅಭಿಮಾನಿಗಳಲ್ಲಿ ಬಳಕೆಯಲ್ಲಿದೆ. 2011ರ ‘ಪುಯೆಲ್ಲಾ ಮ್ಯಾಗಿ ಮಡೋಕಾ ಮ್ಯಾಜಿಕಾ’ಗೆ ಅದು ಹೇಳಿ ಮಾಡಿಸಿದಂತಿದೆ, ಏಕೆಂದರೆ ಅದು ತನ್ನ ನಿಜವಾದ ಮುಖ ತೋರಿಸುವುದು ಮೂರನೆಯದರ ಕೊನೆಯಲ್ಲಿ. ‘ಆಡ್ ಟ್ಯಾಕ್ಸಿ’ಗೆ ಆ ಅಳತೆ ಸಾಲದು.

ಹಾಗಾದರೆ ಸರಣಿ ಪೂರ್ತಿ ಮುಗಿಯಲಿ, ಆಮೇಲೆ ಹೇಳೋಣ ಎನ್ನುವವರಿದ್ದಾರೆ. ಮಾತೇನೋ ವಿವೇಕದ್ದೇ. ಆದರೆ ಎಲ್ಲರೂ ಹೀಗೆ ಕಾಯುತ್ತ ಕೂತರೆ ಏನಾಗುತ್ತದೆ ಎಂಬುದಕ್ಕೆ ಅನಿಮೆಯ ಚರಿತ್ರೆಯಲ್ಲೇ ಉತ್ತರವಿದೆ. 1974ರ ಅಕ್ಟೋಬರ್‌ನಲ್ಲಿ ‘ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ’ ಶುರುವಾದಾಗ ಅದೇ ಭಾನುವಾರ ಸಂಜೆ, ಅದೇ ಹೊತ್ತಿಗೆ ಇನ್ನೊಂದು ವಾಹಿನಿಯಲ್ಲಿ ಇಸಾವೊ ತಕಹಾತಾ ನಿರ್ದೇಶನದ ‘ಹೈಡಿ’ ಬರುತ್ತಿತ್ತು. ಮನೆಮಂದಿಯೆಲ್ಲ ಆ ಕಡೆಗೇ ಹೋದರು. ‘ಯಮಾಟೊ’ವನ್ನು ಅಂದುಕೊಂಡದ್ದಕ್ಕಿಂತ ಮೊದಲೇ, 26 ಕಂತಿಗೆ ಮುಗಿಸಬೇಕಾಯಿತು. 1979ರ ‘ಮೊಬೈಲ್ ಸೂಟ್ ಗುಂಡಮ್’ 52 ಕಂತುಗಳ ಯೋಜನೆಯಾಗಿತ್ತು, 43ಕ್ಕೆ ನಿಂತಿತು. ಎರಡೂ ಆಮೇಲೆ ಮರುಪ್ರಸಾರದಲ್ಲಿ, ಚಿತ್ರಮಂದಿರಗಳಲ್ಲಿ ಗೆದ್ದು ಇಂದಿಗೂ ಮುಂದುವರಿದಿವೆ ನಿಜ. ಅವುಗಳಿಗೆ ಸಿಕ್ಕ ಎರಡನೇ ಅವಕಾಶ ಎಲ್ಲ ಸರಣಿಗಳಿಗೂ ಸಿಗುವುದಿಲ್ಲ. ಹೊಸ ಪ್ರಯತ್ನಕ್ಕೆ ನೋಡುಗರು ಬೇಕಾಗುವುದು ಅದು ನಡೆಯುತ್ತಿರುವಾಗಲೇ. ಅವರನ್ನು ಕರೆತರುವುದು ನೋಡಿದವರ ಮಾತು.

ಪೂರ್ತಿ ನೋಡದೆಯೇ ಆ ಮಾತಿಗೆ ಆಧಾರ ತರುವುದೆಲ್ಲಿಂದ? ಟ್ರೇಲರಿನಿಂದಲ್ಲ, ಸದ್ದಿನಿಂದಲೂ ಅಲ್ಲ. ಮೊದಲು ನೋಡಬೇಕಾದದ್ದು ಮಾಡಿದವರ ಹಿಂದಿನ ಕೆಲಸವನ್ನು. 2022ರ ಅಕ್ಟೋಬರ್‌ನಲ್ಲಿ ಬಂದ ‘ಬೊಚ್ಚಿ ದ ರಾಕ್’ನಲ್ಲಿ, ಜನರೆದುರು ಬಾಯಿಬಿಡಲೂ ಹೆದರುವ ಗಿಟಾರ್ ಹುಡುಗಿಯ ಒಳಗಿನ ತಳಮಳವನ್ನು ಕೆಯಿಚಿರೊ ಸೈಟೊ ಎಷ್ಟು ಬಗೆಯಲ್ಲಿ ಕಾಣಿಸಿದರು ಎಂದು ಗಮನಿಸಿದ್ದವರು, ಮರುವರ್ಷ ಅವರೇ ‘ಫ್ರೀರೆನ್’ ನಿರ್ದೇಶಿಸುತ್ತಾರೆ ಎಂದಾಗ ಧೈರ್ಯವಾಗಿ ನಾಲ್ಕು ಜನಕ್ಕೆ ಹೇಳಬಹುದಿತ್ತು.

ಎರಡನೆಯ ಆಧಾರ, ಕಂತು ತನ್ನ ಹೊತ್ತನ್ನು ಯಾವುದಕ್ಕೆ ಕೊಡುತ್ತದೆ ಎಂಬುದು. ‘ಫ್ರೀರೆನ್’ ಶುರುವಾಗುವುದೇ ರಾಕ್ಷಸರಾಜನನ್ನು ಗೆದ್ದು ಊರಿಗೆ ಮರಳುವ ನಾಲ್ವರಿಂದ. ಹತ್ತು ವರ್ಷದ ಅವರ ಯಾತ್ರೆ ಆಗಲೇ ಮುಗಿದಿದೆ. ಐವತ್ತು ವರ್ಷಕ್ಕೊಮ್ಮೆ ಬೀಳುವ ಉಲ್ಕೆಗಳ ಮಳೆಯನ್ನು ನೋಡುತ್ತ, ಮುಂದಿನ ಸಲವೂ ಒಟ್ಟಿಗೆ ನೋಡೋಣ ಎಂದುಕೊಳ್ಳುತ್ತಾರೆ. ಸಾವಿರಾರು ವರ್ಷ ಬದುಕುವ ಫ್ರೀರೆನ್‌ಗೆ ಐವತ್ತು ವರ್ಷ ಒಂದು ಲೆಕ್ಕವೇ ಅಲ್ಲ. ಅವಳು ಮತ್ತೆ ಬಂದಾಗ ನಾಯಕ ಹಿಮ್ಮೆಲ್ ಮುದುಕನಾಗಿದ್ದಾನೆ; ಉಲ್ಕೆಗಳನ್ನು ನೋಡಿದ ಸ್ವಲ್ಪ ದಿನಕ್ಕೇ ತೀರಿಕೊಳ್ಳುತ್ತಾನೆ. ಅವನನ್ನು ಅರಿಯಲು ತಾನು ಪ್ರಯತ್ನವನ್ನೇ ಮಾಡಲಿಲ್ಲವಲ್ಲ ಎಂದು ಅವಳು ಅಳುವುದು ಸಮಾಧಿಯ ಬಳಿ. ಮಹಾಯುದ್ಧವನ್ನು ತೋರಿಸದೆ ಈ ಅಳುವಿಗೆ ಜಾಗ ಕೊಟ್ಟ ಸರಣಿಗೆ ತನ್ನ ವಿಷಯ ಯಾವುದೆಂದು ಚೆನ್ನಾಗಿ ಗೊತ್ತಿತ್ತು. 2023ರ ಸೆಪ್ಟೆಂಬರ್ 29ರಂದು ಸಿನಿಮಾಗಳಿಗೆ ಮೀಸಲಾದ ಶುಕ್ರವಾರದ ಹೊತ್ತಿನಲ್ಲಿ ಮೊದಲ ನಾಲ್ಕು ಕಂತುಗಳನ್ನು ಒಟ್ಟಿಗೇ ಪ್ರಸಾರ ಮಾಡಿದರು. ಇಂಥ ನಿಧಾನದ ಕತೆಗೆ ಅಷ್ಟು ಹೊತ್ತು ಕೊಟ್ಟದ್ದು ಒಳ್ಳೆಯದೇ ಆಯಿತು.

ಮೂರನೆಯದು, ಯಾರಿಗೆ ಹೇಳುತ್ತಿದ್ದೇವೆ ಎಂಬ ಎಚ್ಚರ. ‘ಎಲ್ಲರೂ ನೋಡಲೇಬೇಕು’ ಎನ್ನುವುದು ಯಾರಿಗೂ ಉಪಯೋಗಕ್ಕೆ ಬರುವ ಮಾತಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ‘ಆರ್ಬ್’ ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂಬ ವಿಚಾರಕ್ಕಾಗಿ 15ನೇ ಶತಮಾನದ ಯುರೋಪಿನಲ್ಲಿ ಪ್ರಾಣ ಕೊಡುವವರ ಕಲ್ಪಿತ ಕತೆ. ನಾನು ಮೆಚ್ಚಿದ ಸರಣಿಗಳಲ್ಲಿ ಅದೊಂದು. ಖಗೋಳದ ಕತೆಯಲ್ಲವೇ ಎಂದು ಎಂಟು ವರ್ಷದ ಮಗುವಿನ ಮುಂದೆ ಹಾಕಿದರೆ ಮೊದಲು ಎದುರಾಗುವುದು ಚಿತ್ರಹಿಂಸೆಯ ದೃಶ್ಯ. ವಿಜ್ಞಾನದ ಚರಿತ್ರೆಯಲ್ಲಿ ಆಸಕ್ತಿಯಿರುವ ದೊಡ್ಡವರಿಗೆ ಅದನ್ನು ಒತ್ತಾಯ ಮಾಡಿ ಹೇಳುತ್ತೇನೆ. ಅರಮನೆಯ ಅಂತಃಪುರದಲ್ಲಿ ವಿಷದ ಜಾಡು ಹಿಡಿಯುವ ಮಾವೊಮಾವೊಳ ‘ದ ಅಪೊಥೆಕರಿ ಡೈರೀಸ್’ ಪತ್ತೇದಾರಿ ಪ್ರಿಯರಿಗೆ. ಅನಿಮೆಯನ್ನೇ ನೋಡದವರಿಗೆ, ಮಾತು ಕೇಳುವ ತಾಳ್ಮೆಯಿದ್ದರೆ, ‘ಆಡ್ ಟ್ಯಾಕ್ಸಿ’.

ಹೊಸದೆಂಬುದೇ ಒಂದು ಗುಣವಲ್ಲ ಎಂಬುದನ್ನೂ ಮರೆಯಬಾರದು. ತೊಂಬತ್ತರ ದಶಕದಲ್ಲಿ ನಮ್ಮ ಮನೆಮನೆಗಳಲ್ಲಿ ಮಕ್ಕಳು ದೂರದರ್ಶನದ ಮುಂದೆ ಕೂತು ನೋಡಿದ ಮೋಗ್ಲಿಯ ‘ಜಂಗಲ್ ಬುಕ್’ 1989ರಲ್ಲಿ ಜಪಾನಿನಲ್ಲಿ ಶುರುವಾಗಿದ್ದ ಅನಿಮೆ. ವರ್ಷಗಳು ಕಳೆದು, ಹಿಂದಿಯಲ್ಲಿ ಬಂತು. ಅದರಿಂದ ಯಾವ ಮಗುವಿನ ಸಂತೋಷಕ್ಕೂ ಕುಂದು ಬರಲಿಲ್ಲ. ಹಾಗಾಗಿ ಒಂದು ಸೀಸನ್ನಿಗೆ ಎರಡು ಹೊಸದನ್ನು ಹೇಳುವವರು, ನೋಡದೆ ಉಳಿದ ಒಂದು ಹಳೆಯದನ್ನೂ ಜೊತೆಗೆ ಹೇಳಲಿ.

ಕೊನೆಗೆ ಹೊಣೆಯ ಮಾತು. ಮೊದಲ ವಾರದಲ್ಲಿ ಹೊಗಳಿದವರು ಕೊನೆಯ ವಾರದಲ್ಲೂ ಬಾಯಿ ಬಿಡಬೇಕು. ಸರಣಿ ಕೈಕೊಟ್ಟಿದ್ದರೆ ಎಲ್ಲಿ ಎಡವಿತು ಎಂದು, ಗೆದ್ದಿದ್ದರೆ ಯಾವುದರಿಂದ ಗೆದ್ದಿತು ಎಂದು ಹೇಳಬೇಕು. ಇನ್ನೊಬ್ಬರಿಂದ ನಾವು ಕೇಳುವುದು ಅವರ ನಾಲ್ಕೈದು ಗಂಟೆಗಳ ಬಿಡುವನ್ನು. ಅದಕ್ಕೆ ಲೆಕ್ಕ ಕೊಡುವವರ ಮಾತಿಗೆ ಮುಂದಿನ ಸೀಸನ್ನಿನಲ್ಲೂ ಬೆಲೆ ಇರುತ್ತದೆ.