ರಾಜ್ಯರಹಸ್ಯ: ಗುಮಾಸ್ತನಿಗೊಂದು ನ್ಯಾಯ, ಮಂತ್ರಿಗೊಂದು ನ್ಯಾಯವೇ?

ಚೆನ್ನೈಯ ಮಾಂಬಲಂ ರೈಲು ನಿಲ್ದಾಣದ ಪಶ್ಚಿಮಕ್ಕೆ ಹರಡಿಕೊಂಡಿರುವ ವೆಸ್ಟ್ ಮಾಂಬಲಂ ಬಹುಕಾಲದಿಂದ ಸಂಬಳದಾರರ ಬಡಾವಣೆ. ಅಲ್ಲಿನ ಪೋಸ್ಟಲ್ ಕಾಲೊನಿಯ ಹೆಸರೇ ಅಂಚೆ ನೌಕರರನ್ನು ನೆನಪಿಸುತ್ತದೆ. ಬೆಳಗಿನ ಲೋಕಲ್ ರೈಲು ಹತ್ತಿ, ಫೋರ್ಟ್ ನಿಲ್ದಾಣದಲ್ಲಿಳಿದು, ಸೇಂಟ್ ಜಾರ್ಜ್ ಕೋಟೆಯ ಸಚಿವಾಲಯದಲ್ಲಿ ಕಡತಗಳ ನಡುವೆ ದಿನ ಕಳೆದು, ಸಂಜೆ ಅದೇ ರೈಲಿನಲ್ಲಿ ಮನೆಗೆ ಮರಳುವುದು ಅಲ್ಲಿ ತಲೆಮಾರುಗಳ ದಿನಚರಿ. ಕಚೇರಿಯಲ್ಲಿ ಕಂಡದ್ದನ್ನು ಮನೆಯ ಜಗುಲಿಯಲ್ಲಿ ಆಡಬಾರದೆಂಬುದು ಇಂತಹ ಮನೆಗಳಲ್ಲಿ ಯಾರೂ ಬರೆದಿಡದ ನಿಯಮ. ಅದು ಬರಿಯ ಸಜ್ಜನಿಕೆಯೂ ಆಗಿರಲಿಲ್ಲ. ತಂತಿ ಕಚೇರಿಯ ಗುಮಾಸ್ತನು ತನ್ನ ಕೈಮೇಲೆ ಹಾದುಹೋದ ಸಂದೇಶದ ಒಕ್ಕಣೆಯನ್ನು ಅಕ್ರಮವಾಗಿ ಹೊರಗೆಡಹಿದರೆ 1885ರ ತಂತಿ ಕಾಯ್ದೆಯಂತೆ 3 ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಯಾಗುತ್ತಿದ್ದನು.

ಊರು ಬಿಟ್ಟು ಬಂದು ಇಂತಹ ಬಡಾವಣೆಗಳಲ್ಲಿ ನೆಲೆನಿಂತ ಕನ್ನಡ ಜೈನ ಕುಟುಂಬಗಳಿಗೆ ಈ ಶಿಸ್ತು ಹೊಸದಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಒಂದು ತಂತಿಯ ಸಾಲಿಗಾಗಿ ಗುಮಾಸ್ತನು ಸೆರೆಮನೆಗೆ ಹೋಗಬಹುದಾದ ದೇಶದಲ್ಲಿ, ಇಡೀ ರಾಷ್ಟ್ರದ ಭದ್ರತೆಯ ಕಡತವನ್ನು ಕೈಯಲ್ಲಿ ಹಿಡಿದ ಮಂತ್ರಿಯು ಅದನ್ನು ಪಕ್ಷದ ಲಾಭಕ್ಕಾಗಿಯೋ, ಅಸಡ್ಡೆಯಿಂದಲೋ ಪರರ ಪಾಲು ಮಾಡಿದರೆ ಅವನು ಕಟಕಟೆ ಹತ್ತಬೇಕೇ, ಬೇಡವೇ? ಹತ್ತಲೇಬೇಕು. ಆದರೆ ಹಾಗೆ ಹತ್ತಿಸುವ ಅಧಿಕಾರವು ಅವನದೇ ಸರ್ಕಾರದ ಕೈಯಲ್ಲಿಯೂ ಇರಬಾರದು, ಅವನ ವೈರಿಯ ಕೈಯಲ್ಲಿಯೂ ಇರಬಾರದು.

ಮೊದಲಿಗೆ ಕಾಯ್ದೆಯನ್ನು ನೋಡಬೇಕು. ಬ್ರಿಟಿಷರು ಮಾಡಿಟ್ಟುಹೋದ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೇ ಇಂದಿಗೂ ಜಾರಿಯಲ್ಲಿದೆ. ಅದರ 5ನೆಯ ಕಲಮು ರಹಸ್ಯವನ್ನು ಹೊರಗೆಡಹುವವನನ್ನಷ್ಟೇ ಅಲ್ಲದೆ, ತನ್ನ ವಶದಲ್ಲಿರುವ ರಹಸ್ಯವನ್ನು ತಕ್ಕ ಎಚ್ಚರದಿಂದ ಕಾಯದವನನ್ನೂ ಅಪರಾಧಿಯೆನ್ನುತ್ತದೆ. ಶಿಕ್ಷೆ 3 ವರ್ಷಗಳವರೆಗೆ. ಬೇಹುಗಾರಿಕೆಗೆ ಸಂಬಂಧಿಸಿದ 3ನೆಯ ಕಲಮಿನ ಶಿಕ್ಷೆ 14 ವರ್ಷಗಳವರೆಗೂ ಹೋಗಬಹುದು. ಮಂತ್ರಿಗಳಿಗೆ ಇದರಲ್ಲಿ ಎಲ್ಲಿಯೂ ವಿನಾಯಿತಿಯಿಲ್ಲ. ಅದಲ್ಲದೆ ಮಂತ್ರಿಯಾದವನು ಸಂವಿಧಾನದ ಮೂರನೆಯ ಅನುಸೂಚಿಯಂತೆ ಅಧಿಕಾರದ ಪ್ರಮಾಣವಚನದೊಂದಿಗೆ ಗೋಪ್ಯತೆಯ ಪ್ರಮಾಣವಚನವನ್ನೂ ಸ್ವೀಕರಿಸುತ್ತಾನೆ. ಗುಮಾಸ್ತನು ಬಾಯಿ ಮುಚ್ಚಿಕೊಳ್ಳುವುದು ಇಲಾಖೆಯ ನಿಯಮಕ್ಕೆ ಅಂಜಿ. ಮಂತ್ರಿಯಾದರೋ ದೇವರ ಹೆಸರಿನಲ್ಲಿ ಅಥವಾ ಆತ್ಮಸಾಕ್ಷಿಯಾಗಿ, ರಾಷ್ಟ್ರದ ಎದುರಿನಲ್ಲಿ ಮಾತು ಕೊಟ್ಟವನು. ಆದರೆ ಆ ಪ್ರಮಾಣದ ಭಂಗಕ್ಕೆ ಸಂವಿಧಾನವು ಪ್ರತ್ಯೇಕ ಶಿಕ್ಷೆಯನ್ನು ಹೇಳಿಲ್ಲ.

ಇನ್ನು ಕಾಯ್ದೆಯ ನಿಜವಾದ ಬೀಗ 13ನೆಯ ಕಲಮಿನಲ್ಲಿದೆ. ಸರ್ಕಾರದ ಆದೇಶದಿಂದ, ಅಥವಾ ಸರ್ಕಾರವು ಅಧಿಕಾರ ಕೊಟ್ಟವರಿಂದ ದೂರು ಬಾರದ ಹೊರತು ಯಾವ ನ್ಯಾಯಾಲಯವೂ ಈ ಅಪರಾಧವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಅಂದರೆ ಮಂತ್ರಿಯ ಮೇಲೆ ಮೊಕದ್ದಮೆ ಹೂಡಬೇಕೋ ಬೇಡವೋ ಎಂಬುದನ್ನು ಆ ಮಂತ್ರಿಯ ಸಹೋದ್ಯೋಗಿಗಳೇ ನಿರ್ಧರಿಸಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವ ಹಕ್ಕು ಬೇಲಿಗೇ ಮೀಸಲು! ಕಾಗದದ ಮೇಲೆ ಎಲ್ಲರಿಗೂ ಸಮಾನವಾದ ಕಾಯ್ದೆಯು ನಡೆವಳಿಕೆಯಲ್ಲಿ ಕೆಳಗಿನವರ ಕಾಯ್ದೆಯಾದುದು ಈ ಬೀಗದಿಂದ.

ಕೆಳಗಿನವರ ಪಾಡೇನೆಂಬುದಕ್ಕೆ ನಿದರ್ಶನಗಳು ಬೇಕಾದಷ್ಟಿವೆ. 1985ರ ಜನವರಿಯಲ್ಲಿ ದೆಹಲಿಯಲ್ಲಿ ಕೂಮಾರ್ ನಾರಾಯಣ್ ಬೇಹುಗಾರಿಕೆ ಪ್ರಕರಣ ಬಯಲಾಯಿತು. ಪ್ರಧಾನಿಯವರ ಕಚೇರಿಯಿಂದಲೇ ಕಡತಗಳ ಪ್ರತಿಗಳು ಹೊರಗೆ ಹೋಗಿದ್ದವು. ಸಿಕ್ಕಿಬಿದ್ದವರು ಹೆಚ್ಚಾಗಿ ಆಪ್ತ ಸಹಾಯಕರು, ಕಚೇರಿ ಸಿಬ್ಬಂದಿ. ವಿಚಾರಣೆ 17 ವರ್ಷ ಎಳೆದು 2002ರಲ್ಲಿ ಅವರಲ್ಲಿ ಹಲವರಿಗೆ ಶಿಕ್ಷೆಯಾಯಿತು. ಪ್ರಧಾನಿಯವರ ಪ್ರಧಾನ ಕಾರ್ಯದರ್ಶಿಯಾಗಿದ್ದ ಪಿ.ಸಿ. ಅಲೆಕ್ಸಾಂಡರ್ ತಮ್ಮ ಸಿಬ್ಬಂದಿಯ ತಪ್ಪಿಗೆ ನೈತಿಕ ಹೊಣೆ ಹೊತ್ತು ರಾಜೀನಾಮೆಯಿತ್ತರು. ಅವರ ಮೇಲೆ ಆರೋಪವಿರಲಿಲ್ಲ. ರಾಜೀನಾಮೆ ಸಭ್ಯ ನಡೆಯೂ ಹೌದು. ಮುಂದೆ ಅವರು ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆದರು, 1988ರಲ್ಲಿ ತಮಿಳುನಾಡಿನ ರಾಜ್ಯಪಾಲರೂ ಆದರು. ಆದರೆ ಮೇಲಿನವರ ಮೇಲ್ವಿಚಾರಣೆಯ ಲೋಪವು ಒಂದು ರಾಜೀನಾಮೆಯಲ್ಲಿ ತೀರಿತು, ಕೆಳಗಿನವರ ಲೋಪಕ್ಕೆ ಸೆರೆಮನೆಯ ಬಾಗಿಲು ತೆರೆಯಿತು ಎಂಬ ವ್ಯತ್ಯಾಸವನ್ನು ಮರೆಯುವಂತಿಲ್ಲ.

ಅಪರಾಧವನ್ನೇ ಮಾಡದವರ ಕಥೆ ಇನ್ನೂ ಘೋರವಾದುದು. 1994ರ ಇಸ್ರೋ ಪ್ರಕರಣದಲ್ಲಿ ವಿಜ್ಞಾನಿ ನಂಬಿ ನಾರಾಯಣನ್ ಬಂಧಿತರಾಗಿ 50 ದಿನ ಸೆರೆಯಲ್ಲಿದ್ದರು. ಆರೋಪಿಗಳಲ್ಲಿ ಇಬ್ಬರು ಬೆಂಗಳೂರಿನವರು. ಪ್ರಕರಣವೇ ಸುಳ್ಳೆಂದು ಸಿಬಿಐ 1996ರಲ್ಲಿ ವರದಿ ಕೊಟ್ಟಿತು. 1998ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 14ರಂದು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಬೆಂಗಳೂರಿನ ಆ ಇಬ್ಬರೂ ಅದೇ ವರ್ಷ ತೀರಿಕೊಂಡರು. ರಷ್ಯದ ಸಂಸ್ಥೆಯೊಂದರ ಪ್ರತಿನಿಧಿಯಾಗಿದ್ದವರು ತೀರ್ಪು ಬಂದ ವಾರದೊಳಗೇ, ಅದನ್ನು ಅರಿಯುವ ಸ್ಥಿತಿಯಲ್ಲಿಲ್ಲದೆ ಕಣ್ಮುಚ್ಚಿದರು. ಅತ್ತ ಕೇರಳದಲ್ಲಿ ಅದೇ ಪ್ರಕರಣ ಆಳುವ ಪಕ್ಷದ ಒಳಜಗಳಕ್ಕೆ ಆಯುಧವಾಗಿ, 1995ರ ಮಾರ್ಚಿಯಲ್ಲಿ ಮುಖ್ಯಮಂತ್ರಿ ಕೆ. ಕರುಣಾಕರನ್ ಪದವಿ ಬಿಡುವಂತಾಯಿತು. ಪತ್ರಕರ್ತ ಇಫ್ತಿಖಾರ್ ಗಿಲಾನಿ 2002ರಲ್ಲಿ ಸುಮಾರು 7 ತಿಂಗಳು ಸೆರೆಯಲ್ಲಿದ್ದುದು ಅಂತರಜಾಲದಲ್ಲಿ ಯಾರಿಗೂ ಸಿಗುತ್ತಿದ್ದ ದಾಖಲೆಗಾಗಿ; ಕಡೆಗೆ ಸರ್ಕಾರವೇ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು.

ಇನ್ನು ಮೇಲಿನವರ ಕಡೆಗೆ ತಿರುಗಿದರೆ, ಚೆನ್ನೈಯ ಹತ್ತಿರವೇ ಒಂದು ಉದಾಹರಣೆಯಿದೆ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅದರ ಹಿಂದಿನ ಸಂಚನ್ನು ಪರಿಶೀಲಿಸಿದ ನ್ಯಾಯಮೂರ್ತಿ ಮಿಲಾಪ್ ಚಂದ್ ಜೈನ್ ಆಯೋಗವು 1997ರ ಆಗಸ್ಟಿನಲ್ಲಿ ಮಧ್ಯಂತರ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ಸಂಸತ್ತಿನ ಮುಂದೆ ಇಡುವ ಮೊದಲೇ, ನವೆಂಬರಿನಲ್ಲಿ, ಅದರ ಭಾಗಗಳು ಪತ್ರಿಕೆಯಲ್ಲಿ ಪ್ರಕಟವಾದವು. ಡಿಎಂಕೆ ಮಂತ್ರಿಗಳನ್ನು ಕೈಬಿಡಬೇಕೆಂದು ಕಾಂಗ್ರೆಸ್ ಪಟ್ಟು ಹಿಡಿಯಿತು. ನವೆಂಬರ್ 28ರಂದು ಐ.ಕೆ. ಗುಜ್ರಾಲ್ ಸರ್ಕಾರ ಬಿದ್ದಿತು. ಒಂದು ಕೇಂದ್ರ ಸರ್ಕಾರವನ್ನೇ ಉರುಳಿಸಿದ ಸೋರಿಕೆಯದು. ಅದಕ್ಕೆ ಹೊಣೆಗಾರನೆಂದು ಯಾವ ರಾಜಕಾರಣಿಯೂ ಕಟಕಟೆ ಹತ್ತಲಿಲ್ಲ. ಪತ್ರಿಕೆ ಪ್ರಕಟಿಸಿದ್ದು ತಪ್ಪೆಂದು ಇದರ ಅರ್ಥವಲ್ಲ. ಪತ್ರಿಕೆಯ ಧರ್ಮವೇ ಅದು. ಕಾವಲಿಗಿದ್ದವನು ಯಾರ ಲಾಭಕ್ಕಾಗಿ ಬಾಗಿಲು ತೆರೆದ ಎಂಬುದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸಲಿಲ್ಲ ಎಂಬುದೇ ಇಲ್ಲಿನ ದೂರು.

ಎರಡನೆಯ ಉದಾಹರಣೆಯೂ ಚೆನ್ನೈಯದೇ. 2019ರಲ್ಲಿ ಅಣ್ಣಾ ಸಾಲೈಯ ‘ದಿ ಹಿಂದೂ’ ಪತ್ರಿಕೆ ರಫೇಲ್ ವಿಮಾನ ಖರೀದಿಯ ದಾಖಲೆಗಳನ್ನು ಪ್ರಕಟಿಸಿತು. ಮಾರ್ಚ್ 6ರಂದು ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಸುಪ್ರೀಂ ಕೋರ್ಟಿನಲ್ಲಿ ಅವು ರಕ್ಷಣಾ ಸಚಿವಾಲಯದಿಂದ ಕದ್ದ ದಾಖಲೆಗಳೆಂದು ಹೇಳಿ ರಹಸ್ಯ ಕಾಯ್ದೆಯ ಮಾತೆತ್ತಿದರು; ಎರಡು ದಿನಗಳ ಬಳಿಕ, ಅವು ಮೂಲದ ನೆರಳಚ್ಚು ಪ್ರತಿಗಳೆಂಬ ವಿವರಣೆ ಕೊಟ್ಟರು. ಏಪ್ರಿಲ್ 10ರಂದು ನ್ಯಾಯಾಲಯವು ಸರ್ಕಾರದ ಆಕ್ಷೇಪವನ್ನು ತಳ್ಳಿಹಾಕಿತು. ಕಾಯ್ದೆಯ ಕತ್ತಿ ಸಚಿವಾಲಯದ ಹೊಣೆಗಾರರತ್ತ ತಿರುಗದೆ ಪತ್ರಿಕೆಯತ್ತ ತಿರುಗಿದ್ದನ್ನು ದೇಶವೆಲ್ಲ ನೋಡಿತು.

ಇದಕ್ಕೆ ಮೂರು ಆಕ್ಷೇಪಗಳು ಬರುವುದು ಸಹಜ.

ಮೊದಲನೆಯದು: ಯಾವುದು ರಹಸ್ಯ, ಯಾವುದಲ್ಲ ಎಂದು ತೀರ್ಮಾನಿಸುವವರು ಮಂತ್ರಿಗಳೇ ಆಗಿರುವಾಗ, ಅವರು ಹೇಳಿದ್ದು ಅಪರಾಧವಾಗುವುದು ಹೇಗೆ? ಇದಕ್ಕೆ ಉತ್ತರ ಸರಳ. ರಹಸ್ಯವನ್ನು ಬಹಿರಂಗಪಡಿಸುವ ಅಧಿಕಾರವಿದ್ದರೆ ಅದನ್ನು ಕಡತದಲ್ಲಿ ಬರೆದು, ಕಾರಣ ಕೊಟ್ಟು, ಸಹಿ ಹಾಕಿ ಬಹಿರಂಗಪಡಿಸಲಿ. ಬೆಳಕಿನಲ್ಲಿ ಮಾಡಿದ್ದು ನಿರ್ಧಾರ, ಕತ್ತಲಲ್ಲಿ ಪಿಸುಗುಟ್ಟಿದ್ದು ಸೋರಿಕೆ.

ಎರಡನೆಯದು ಹೆಚ್ಚು ಗಂಭೀರವಾದುದು: ಇಂತಹ ಮೊಕದ್ದಮೆ ಸೇಡಿನ ಸಾಧನವಾಗದೇ? ಆಗಬಹುದು, ಆಗಿದೆ. ನೆರೆಯ ಪಾಕಿಸ್ತಾನವೂ 1923ರ ಇದೇ ಕಾಯ್ದೆಯನ್ನು ಬಳುವಳಿಯಾಗಿ ಪಡೆದಿದೆ. ರಾಯಭಾರಿಯ ರಹಸ್ಯ ತಂತಿಯೊಂದನ್ನು ದುರ್ಬಳಕೆ ಮಾಡಿದರೆಂಬ ಆರೋಪದಲ್ಲಿ, ಮಾಜಿ ಪ್ರಧಾನಿ ಇಮ್ರಾನ್ ಖಾನ್ ಅವರಿಗೆ 2024ರ ಜನವರಿ 30ರಂದು, ಚುನಾವಣೆಗೆ ಕೆಲವೇ ದಿನ ಮುಂಚೆ, ಸೆರೆಮನೆಯೊಳಗೇ ನಡೆದ ವಿಚಾರಣೆಯಲ್ಲಿ 10 ವರ್ಷಗಳ ಶಿಕ್ಷೆ ವಿಧಿಸಲಾಯಿತು. ಜೂನ್ 3ರಂದು ಇಸ್ಲಾಮಾಬಾದ್ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಆದರೆ ಇದರಿಂದ ಕಲಿಯಬೇಕಾದುದು ಮಂತ್ರಿಗಳನ್ನು ಮುಟ್ಟಬಾರದೆಂಬ ಪಾಠವನ್ನಲ್ಲ. ಭಾರತದಲ್ಲಿ ಆಳುವವನನ್ನು ಕಾಯುವ ಬೀಗವೇ ಅಲ್ಲಿ ಪದಚ್ಯುತನಾದವನಿಗೆ ಬಲೆಯಾಯಿತು. ಎರಡು ಕಡೆಯೂ ದೋಷ ಒಂದೇ: ಕೀಲಿ ಆಳುವವರ ಕೈಯಲ್ಲಿದೆ.

ಅಮೆರಿಕದ ಅನುಭವವೂ ಈ ಮಾತಿಗೆ ಪೂರಕ. ಅಲ್ಲಿ ಒಂದೇ ಒಂದು ರಹಸ್ಯ ವರದಿಯನ್ನು ಪತ್ರಕರ್ತರಿಗೆ ಕಳಿಸಿದ ಗುತ್ತಿಗೆ ನೌಕರಳಾದ ರಿಯಾಲಿಟಿ ವಿನ್ನರ್‌ಗೆ 2018ರಲ್ಲಿ 63 ತಿಂಗಳ ಸೆರೆಯಾಯಿತು. ಗುಪ್ತಚರ ಸಂಸ್ಥೆಯ ಮುಖ್ಯಸ್ಥರಾಗಿದ್ದ ಡೇವಿಡ್ ಪೆಟ್ರೇಯಸ್ ರಹಸ್ಯ ಟಿಪ್ಪಣಿಗಳನ್ನು ತಮ್ಮ ಜೀವನಚರಿತ್ರೆ ಬರೆಯುತ್ತಿದ್ದವಳ ಕೈಗೆ ಕೊಟ್ಟೂ 2015ರಲ್ಲಿ ಒಂದು ಲಕ್ಷ ಡಾಲರ್ ದಂಡ ಮತ್ತು ಎರಡು ವರ್ಷಗಳ ನಿಗಾವಣೆಯಿಂದ ಪಾರಾದರು. ಡೊನಾಲ್ಡ್ ಟ್ರಂಪ್ ಮೇಲೆ 2023ರ ಜೂನಿನಲ್ಲಿ ಆರೋಪಪಟ್ಟಿ ಬಂದುದೇನೋ ನಿಜ. 2024ರ ಜುಲೈನಲ್ಲಿ ನ್ಯಾಯಾಧೀಶರು ಅದನ್ನು ವಜಾ ಮಾಡಿದರು, ನವೆಂಬರಿನಲ್ಲಿ ಅವರು ಚುನಾವಣೆ ಗೆದ್ದ ಮೇಲೆ ಅವರ ಮೇಲಿನ ಮೊಕದ್ದಮೆಯೇ ಕೈಬಿಟ್ಟಿತು. ಮತಪೆಟ್ಟಿಗೆಯು ನ್ಯಾಯಪೀಠದ ಕೆಲಸ ಮಾಡಲಾರದು.

ಮೂರನೆಯ ಆಕ್ಷೇಪ: ಕಾಯ್ದೆಯೇ ಕೆಟ್ಟದ್ದಾಗಿರುವಾಗ ಅದನ್ನು ಇನ್ನಷ್ಟು ಜನರ ಮೇಲೆ ಹೇರುವುದೇಕೆ? ಕಾಯ್ದೆ ಕೆಟ್ಟದ್ದೆಂಬುದು ನಿಜ. ರಹಸ್ಯವೆಂದರೇನೆಂಬುದನ್ನೇ ಅದು ವಿವರಿಸಿಲ್ಲ. ಮೂಡುಬಿದಿರೆಯ ಎಂ. ವೀರಪ್ಪ ಮೊಯಿಲಿಯವರ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗವು 2006ರ ತನ್ನ ಮೊದಲ ವರದಿಯಲ್ಲೇ ಈ ಕಾಯ್ದೆಯನ್ನು ತೆಗೆದುಹಾಕಬೇಕೆಂದೂ, ಮಂತ್ರಿಗಳು ಗೋಪ್ಯತೆಯ ಬದಲು ಪಾರದರ್ಶಕತೆಯ ಪ್ರಮಾಣ ಸ್ವೀಕರಿಸಬೇಕೆಂದೂ ಶಿಫಾರಸು ಮಾಡಿತು. ಎರಡೂ ನಡೆಯಲಿಲ್ಲ. ಏಕೆ ನಡೆಯಲಿಲ್ಲ? ಕೆಟ್ಟ ಕಾಯ್ದೆಯ ಬಿಸಿ ಬಲ್ಲಿದರಿಗೆ ತಟ್ಟುವವರೆಗೆ ಬಲ್ಲಿದರು ಅದನ್ನು ತಿದ್ದುವುದಿಲ್ಲ. ಕಾಯ್ದೆಯನ್ನು ತಿದ್ದುವುದು, ಎಲ್ಲರಿಗೂ ಸಮನಾಗಿ ಅನ್ವಯಿಸುವುದು ಎರಡೂ ಒಟ್ಟಿಗೆ ಆಗಬೇಕಾದ ಕೆಲಸ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, 13ನೆಯ ಕಲಮಿನ ಕೀಲಿಯನ್ನು ಸರ್ಕಾರದ ಕೈಯಿಂದ ತೆಗೆದು ಸ್ವತಂತ್ರ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಇದು ಅಸಾಧ್ಯವಲ್ಲ, ಭ್ರಷ್ಟಾಚಾರದ ಪ್ರಕರಣಗಳಲ್ಲಿ ಮೊಕದ್ದಮೆಗೆ ಅನುಮತಿ ಕೊಡುವ ಅಧಿಕಾರವನ್ನು 2013ರ ಕಾಯ್ದೆಯು ಲೋಕಪಾಲಕ್ಕೆ ಕೊಟ್ಟಿದೆ. ಎರಡನೆಯದಾಗಿ, ದೇಶಕ್ಕೆ ನಿಜವಾದ ಹಾನಿ ತರುವ ಮಾಹಿತಿಯಷ್ಟೇ ರಹಸ್ಯವೆನಿಸಬೇಕು. ಭ್ರಷ್ಟಾಚಾರವನ್ನು ಬಯಲಿಗೆಳೆದ ಗುಮಾಸ್ತನಿಗೂ ಪತ್ರಕರ್ತನಿಗೂ ಸಾರ್ವಜನಿಕ ಹಿತದ ರಕ್ಷಣೆ ದೊರೆಯಬೇಕು. ಮಾಹಿತಿ ಹಕ್ಕಿನ ಕಾಯ್ದೆಯ 8(2)ನೆಯ ಕಲಮು 2005ರಲ್ಲೇ ಈ ತತ್ತ್ವವನ್ನು ಒಪ್ಪಿದೆ. ಮೂರನೆಯದಾಗಿ, ಪದವಿ ಎತ್ತರವಾದಷ್ಟೂ ಹೊಣೆ ಹೆಚ್ಚಬೇಕು.

ಈ ಮೂರನೆಯ ಮಾತು ಜೈನರಿಗೆ ಹೊಸದಾಗಿ ಹೇಳಬೇಕಾದುದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಶ್ರಾವಕನ ಸತ್ಯಾಣುವ್ರತಕ್ಕೆ ಹೇಳುವ ಅತಿಚಾರಗಳಲ್ಲಿ ಪರರ ಗುಟ್ಟನ್ನು ಹೊರಹಾಕುವ ರಹೋಭ್ಯಾಖ್ಯಾನವಿದೆ, ನಂಬಿ ಇಟ್ಟ ಒತ್ತೆಯನ್ನು ನುಂಗುವ ನ್ಯಾಸಾಪಹಾರವೂ ಇದೆ. ರಾಜ್ಯರಹಸ್ಯವೆಂಬುದು ಪ್ರಜೆಗಳು ಮಂತ್ರಿಯ ಬಳಿ ಇಟ್ಟ ನ್ಯಾಸ. ಅದು ಅವನ ಸ್ವತ್ತಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಯು ನೀತಿವಾಕ್ಯಾಮೃತದಲ್ಲಿ ಮಂತ್ರಿಯ ಗುಣಗಳಿಗೂ ಮಂತ್ರಾಲೋಚನೆಗೂ ಒಂದು ಪ್ರಕರಣವನ್ನೇ ಮೀಸಲಿಟ್ಟನು.

ಅದೇ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರವಾಗಿ ತದಾಹೃತಾದಾನವನ್ನು, ಎಂದರೆ ಕದ್ದ ಮಾಲನ್ನು ಸ್ವೀಕರಿಸುವುದನ್ನು ಹೇಳುತ್ತದೆ. ಇಲ್ಲಿ ಸಮಾಜವೂ ಕನ್ನಡಿ ನೋಡಿಕೊಳ್ಳಬೇಕು. ಪಂಚಕಲ್ಯಾಣದ ವೇದಿಕೆಗೆ ಮಂತ್ರಿಯನ್ನು ಕರೆದು ಹಾರ ಹಾಕಿ, ಸಮಾರಂಭ ಮುಗಿದ ಮೇಲೆ ಊಟದ ಪಂಕ್ತಿಯಲ್ಲಿ ಅವನಿಂದ ‘ಒಳಗಿನ ಸುದ್ದಿ’ ಕೇಳಿ, ನಾಳೆ ಬರಲಿರುವ ತೆರಿಗೆಯನ್ನೋ ಬೀಳಲಿರುವ ಟೆಂಡರನ್ನೋ ಇಂದೇ ತಿಳಿದೆವೆಂದು ಬೀಗುವವರು ಎಷ್ಟು ಮಂದಿಯಿಲ್ಲ? ರಹಸ್ಯವೆಂದು ತಿಳಿದೂ ಸ್ವೀಕರಿಸುವವನನ್ನು ಕಾಯ್ದೆಯ 5ನೆಯ ಕಲಮೂ ಅಪರಾಧಿಯೆನ್ನುತ್ತದೆ. ಕೊಡುವವನನ್ನು ದೂಷಿಸಿ ಪಡೆಯುವವನನ್ನು ಸನ್ಮಾನಿಸುವ ಸಮಾಜಕ್ಕೆ ನ್ಯಾಯ ಕೇಳುವ ನೈತಿಕ ಬಲವಿರದು.

ವೆಸ್ಟ್ ಮಾಂಬಲಂನಂತಹ ಬಡಾವಣೆಗಳ ನಿವೃತ್ತ ಗುಮಾಸ್ತರು ಬದುಕಿಡೀ ಬಾಯಿ ಕಟ್ಟಿ ಕಾದದ್ದು ಮಂತ್ರಿಗಳ ಮಾನವನ್ನಲ್ಲ, ರಾಜ್ಯದ ನಂಬಿಕೆಯನ್ನು. ಅವರಿಗೆ ಅನ್ವಯವಾದ ಶಿಸ್ತು ಅವರ ಕಡತಕ್ಕೆ ಸಹಿ ಹಾಕಿದವರಿಗೂ ಅನ್ವಯವಾಗಲಿ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರನ್ನು ಪ್ರತಿ ಕುಟುಂಬವೂ ಒಂದೇ ಪ್ರಶ್ನೆ ಕೇಳಲಿ: 13ನೆಯ ಕಲಮಿನ ಕೀಲಿಯನ್ನು ಬಿಟ್ಟುಕೊಡಲು ನಿಮ್ಮ ಪಕ್ಷ ಸಿದ್ಧವಿದೆಯೇ?