ದಾನಪತ್ರದಲ್ಲಿ ಬಿಟ್ಟುಹೋದ ಸಾಲು

ಮುಮ್ಮಡಿ ಗೋವಿಂದನು ಅರ್ಕಕೀರ್ತಿ ಮುನಿಗೆ ಕೊಟ್ಟ ದಾನದ, ಶಕ 735ರ ತಾಮ್ರಶಾಸನದಿಂದ ಕಡಬದ ಹೆಸರನ್ನು ಇತಿಹಾಸಜ್ಞರು ಬಲ್ಲರು. ಕೊಟ್ಟುದನ್ನು ಕೆಡಿಸಿದವನಿಗೆ ಶಾಪವನ್ನೂ ಕೊರೆಯಿಸುವುದು ಶಾಸನಗಳ ರೂಢಿ. ಮೊನ್ನೆ ಅದೇ ಊರಿನ ಕೆರೆಯೇರಿಯ ಮೇಲೆ ಕಂಡ ವೃದ್ಧೆ ಮಗನಿಗೆ ಹೊಲವನ್ನು ಬರೆದುಕೊಟ್ಟವಳು; ಈಗ ಅನ್ನ ಕೇಳಿದರೆ ಏಟು.

2007ರ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮು, ಪೋಷಣೆಯ ಕರಾರಿನ ಮೇಲೆ ಕೊಟ್ಟ ಆಸ್ತಿಯ ಪತ್ರವನ್ನು, ಪೋಷಿಸದಿದ್ದರೆ ರದ್ದುಪಡಿಸಲು ಅವಕಾಶವೀಯುತ್ತದೆ. ಆಕೆಯ ಪತ್ರದಲ್ಲಿ ಆ ಕರಾರಿನ ಸಾಲೇ ಇಲ್ಲ! ಬರೆದವರು ಕೇಳಲಿಲ್ಲ, ಹೆಬ್ಬೆಟ್ಟೊತ್ತಿದವಳಿಗೆ ತಿಳಿಯದು. ಆದರೂ ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ವಕೀಲರಿಲ್ಲದೆಯೇ ಅರ್ಜಿ ಕೊಡಬಹುದು. 14567ಕ್ಕೆ ದೂರವಾಣಿಯಲ್ಲಿ ನೆರವು ಕೇಳಬಹುದು. ಅಕ್ಷರ ಬಲ್ಲ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಇಂಥ ಅರ್ಜಿಗಳನ್ನು ಬರೆದುಕೊಡಲಾರರೆ?

ನಾನೇ ಆಕೆಯ ಅರ್ಜಿಯನ್ನು ಬರೆದೆ. ಹೆಬ್ಬೆಟ್ಟೊತ್ತುವ ಮುನ್ನ ಆಕೆ ಕೇಳಿದಳು: "ಅವ್ನಿಗೆ ಹೊಡೀತಾರಾ, ಸ್ವಾಮಿ?"